ದನದ ಮೈಮೇಲಿನ ಬಾವು: ಬ್ಲೇಡ್ ಹಿಡಿಯುವ ಮುನ್ನ



ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಬಳ್ಳಾರಿ ಜಾಲಿ ಇಲ್ಲದ ಬದು ಕಡಿಮೆ. ಮೇಯುವ ದನಕ್ಕೆ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿದರೆ ಮೇಲಿನ ಗಾಯ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಹಗ್ಗ ಉಜ್ಜಿದ ಕಡೆ, ಸೂಜಿ ಹಾಕಿದ ಕಡೆಯೂ ಹೀಗಾಗಬಹುದು.

ಆದರೆ ಊದಿದ್ದೆಲ್ಲ ಕೀವಲ್ಲ. ಹರಪನಹಳ್ಳಿ ಕಡೆಯ ಒಬ್ಬ ತಾಯಿ ಕರುವಿನ ಹೊಕ್ಕುಳ ಬಾವನ್ನು ಕೀವೆಂದು ತಿಳಿದು ಬ್ಲೇಡಿನಿಂದ ಕೊಯ್ದರು. ಅದು ಹರ್ನಿಯಾ ಆಗಿತ್ತು. ಕರುಳು ಹೊರಬಂತು. ನಾನು ಹೋಗುವಷ್ಟರಲ್ಲಿ ಕರು ಉಳಿದಿರಲಿಲ್ಲ.

ಗುರುತಿಸುವುದು ಹೇಗೆ?
ಕೀವಿನ ಬಾವು ಮೊದಲು ಗಟ್ಟಿ, ಬಿಸಿ. ಮುಟ್ಟಿದರೆ ದನ ಒದೆಯುತ್ತದೆ. ಕೆಲವು ದಿನಗಳಲ್ಲಿ ನಡುವೆ ಮೆತ್ತಗಾಗುತ್ತದೆ. ಒತ್ತಿದರೆ ಒಳಗೆ ಹೋಗಿ ಮತ್ತೆ ಹೊರಬರುವ ಹೊಕ್ಕುಳ ಬಾವು ಹರ್ನಿಯಾ ಇರಬಹುದು. ಪೆಟ್ಟು ಬಿದ್ದ ಕೂಡಲೇ ಊದಿದ್ದರೆ ಒಳಗೆ ರಕ್ತ ನಿಂತಿರಬಹುದು. ಯಾವುದನ್ನೂ ನೀವಾಗಿ ಕೊಯ್ಯಬೇಡಿ, ಹಿಂಡಬೇಡಿ, ಸುಡಬೇಡಿ.

ಮನೆಯಲ್ಲಿ ಮಾಡಬೇಕಾದ್ದು
• ಬಾವು ಗಟ್ಟಿ ಇರುವಾಗ ಕೈ ತಾಳುವಷ್ಟು ಬಿಸಿಯಾದ ಉಪ್ಪುನೀರಿನ ಬಟ್ಟೆಯಿಂದ ದಿನಕ್ಕೆ ಎರಡು ಸಲ, 10–15 ನಿಮಿಷ ಶಾಖ ಕೊಡಿ. ಕೆಚ್ಚಲಿಗೆ ಬೇಡ, ಕೆಚ್ಚಲು ಊದಿದರೆ ಕೂಡಲೇ ತಿಳಿಸಿ.
• ವೈದ್ಯರು ಕೀವು ತೆಗೆದ ಮೇಲೆ ತೂತನ್ನು ಅರಿಶಿಣ, ಬೂದಿ, ಸಗಣಿಯಿಂದ ಮುಚ್ಚಬೇಡಿ. ಗಾಯ ಒಳಗಿನಿಂದ ತುಂಬಿ ಬರಬೇಕು. ಬಾಯಿ ಮೊದಲೇ ಮುಚ್ಚಿದರೆ ಮತ್ತೆ ಕೀವು ಕಟ್ಟುತ್ತದೆ.
• ಕಾಯಿಸಿ ಆರಿಸಿದ ನೀರಿಗೆ ಪೊಟ್ಯಾಸಿಯಂ ಪರಮಾಂಗನೇಟಿನ ಕೆಲವೇ ಹರಳು ಹಾಕಿ, ಪೂರ್ತಿ ಕರಗಿಸಿ. ನೀರು ತೆಳು ಗುಲಾಬಿ ಬಣ್ಣವಿರಬೇಕು. ದಿನವೂ ಇದರಿಂದ ಗಾಯ ತೊಳೆಯಿರಿ.
• ನೊಣ ಕೂರದಂತೆ ಗಾಯದ ಸುತ್ತ ಬೇವಿನೆಣ್ಣೆ ಹಚ್ಚಿ. ಹುಳು ಕಂಡರೆ ತಡಮಾಡದೆ ಕರೆಯಿರಿ.
• ಮೊದಲು ಹಾಲು ಕರೆಯಿರಿ, ಆಮೇಲೆ ಗಾಯ ಮುಟ್ಟಿ. ಕೈಗೆ ಗ್ಲೌಸ್ ಇರಲಿ. ಕೀವು, ಹತ್ತಿಯನ್ನು ಗುಂಡಿ ತೋಡಿ ಹೂಳಿ.

ಕಾಯಬಾರದ ಬಾವು
ಗಂಟಲು ಊದಿ ಜ್ವರ, ಉಸಿರಾಟಕ್ಕೆ ಕಷ್ಟವಿದ್ದರೆ ಗಳಲೆ ರೋಗ ಇರಬಹುದು. ತೊಡೆ ಊದಿ ಕುಂಟುತ್ತಾ, ಒತ್ತಿದರೆ ಚರಚರ ಸದ್ದಾದರೆ ಚಪ್ಪೆ ರೋಗ ಇರಬಹುದು. ಮೈತುಂಬ ಗಂಟೆದ್ದು ಜ್ವರ ಬಂದರೆ ಚರ್ಮಗಂಟು ರೋಗದ ಅನುಮಾನ. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ಹಾಲಿನ ಮಾತು
ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿದರೆ "ಡಾಕ್ಟ್ರೇ, ಎಷ್ಟು ದಿನ ಹಾಲು ಹಾಕಬಾರದು?" ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಲ್ಲಿಯವರೆಗೆ ಆ ಹಾಲು ಡೇರಿಗೂ ಬೇಡ, ಮನೆಯ ಮಕ್ಕಳಿಗೂ ಬೇಡ. ನಿಮ್ಮ ಒಂದು ಕ್ಯಾನಿನ ಹಾಲು ಇಡೀ ಸಂಘದ ಹಾಲಿನೊಂದಿಗೆ ಬೆರೆಯುತ್ತದೆ.