ಮರಗಸಿಗೆ ಹತ್ತುವ ಮುನ್ನ: ಸದಾ ಒಂದು ಕಟ್ಟು, ಕೊಯ್ಯುವಾಗ ಎರಡು, ಕೆಳಗೆ ಒಬ್ಬ

ಕಾಫಿ, ಮೆಣಸಿನ ಕೊಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಮರಗಸಿ ಆಗಬೇಕು. ನೆರಳು ಜಾಸ್ತಿಯಾದರೆ ಕೊಳೆರೋಗ, ಕಡಿಮೆಯಾದರೆ ಅರೇಬಿಕಾಗೆ ಬಿಳಿ ಕಾಂಡಕೊರಕ. ಈ ಲೆಕ್ಕ ಬೆಳೆಗಾರರಿಗೆಲ್ಲ ಗೊತ್ತು. ಆದರೆ ಕೊಂಬೆ ಕಡಿಯಲು ಮರದ ಮೇಲೆ ಹೋದ ಮನುಷ್ಯ ಸುರಕ್ಷಿತವಾಗಿ ಇಳಿಯುವ ಲೆಕ್ಕವನ್ನು ಬಹಳ ಕಡೆ ಅವನ ಕೈಚಳಕಕ್ಕೇ ಬಿಟ್ಟಿದ್ದೇವೆ.

10 ಮೀಟರ್ ಎತ್ತರದಿಂದ ಕೈ ಜಾರಿದರೆ ನೆಲ ಮುಟ್ಟಲು ಸುಮಾರು 1.4 ಸೆಕೆಂಡ್ ಸಾಕು. ಆಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಅಷ್ಟರಲ್ಲಿ ಯಾವ ಅನುಭವವೂ ಕೆಲಸಕ್ಕೆ ಬರುವುದಿಲ್ಲ. ಮೊದಲೇ ಕಟ್ಟಿಕೊಂಡ ಹಗ್ಗ ಮಾತ್ರ ಕಾಪಾಡುತ್ತದೆ.

ಮರ ಕತ್ತರಿಸುವುದನ್ನೇ ವೃತ್ತಿ ಮಾಡಿಕೊಂಡವರು ಬಹಳ ದೇಶಗಳಲ್ಲಿ ಪಾಲಿಸುವ ನಿಯಮವನ್ನು ನಮ್ಮ ಮಾತಲ್ಲಿ ಹೀಗೆ ಹೇಳಬಹುದು: ಕಾಲು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಸದಾ ಒಂದು ಕಟ್ಟು ಇರಬೇಕು. ಗರಗಸ ಅಥವಾ ಕತ್ತಿ ಕೈಗೆ ತೆಗೆದುಕೊಂಡರೆ ಎರಡು ಕಟ್ಟು. ಮೇಲಿರುವವನನ್ನು ಇಳಿಸಲು ಗೊತ್ತಿರುವ ಒಬ್ಬ ಕೆಳಗೆ. ಈ ಮೂರಕ್ಕೆ ಏನೇನು ಬೇಕು ಅಂತ ನೋಡೋಣ.

ಹಗ್ಗ ಯಾವುದು?

ಸೌದೆ ಹೊರೆ ಕಟ್ಟುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಜೀವ ಕಟ್ಟುವ ಹಗ್ಗವಲ್ಲ. ಅದು ಬಿಸಿಲಿಗೆ ಸೊರಗುತ್ತದೆ, ತಿಕ್ಕಾಟದ ಬಿಸಿಗೆ ಬೇಗ ಕರಗುತ್ತದೆ. ತೆಂಗಿನ ನಾರಿನ ಹಗ್ಗ ತೇವಕ್ಕೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ.

ಮರದ ಕೆಲಸಕ್ಕೆ ಬೇಕಾದದ್ದು 11ರಿಂದ 13 ಮಿಲಿಮೀಟರ್ ದಪ್ಪದ, ಕಡಿಮೆ ಹಿಗ್ಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ. ಅದರ ಪಟ್ಟಿಯ ಮೇಲೆ 'ಇಎನ್ 1891 ಟೈಪ್ ಎ' ಅಂತ ಇದ್ದರೆ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು 2,200 ಕಿಲೋ ಭಾರ ತಡೆಯುತ್ತದೆ ಎಂದರ್ಥ. 70 ಕಿಲೋ ಮನುಷ್ಯನಿಗೆ ಇಷ್ಟು ಯಾಕೆ ಅನ್ನಬೇಡಿ. ಗಂಟು ಹಾಕಿದ ಕಡೆ ಹಗ್ಗದ ಬಲ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಬಹುದು, ನೆನೆದ ನೈಲಾನ್ ಇನ್ನಷ್ಟು ಸೊರಗುತ್ತದೆ. ಬಿದ್ದಾಗಿನ ಜಗ್ಗು ದೇಹದ ತೂಕದ ಹಲವು ಪಟ್ಟು ಇರುತ್ತದೆ.

ಉದ್ದದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಕೊಂಬೆಯ ಮೇಲಿಂದ ಹಾಯಿಸಿ ಎರಡು ಎಳೆಯಾಗಿ ಬಳಸುವಾಗ, 15 ಮೀಟರ್ ಎತ್ತರದ ಕವಲಿಗೆ 30 ಮೀಟರ್ ಹಗ್ಗ ಹಾಗೇ ಹೋಗುತ್ತದೆ. ಗಂಟು ಮತ್ತು ಓಡಾಟಕ್ಕೆ ಸೇರಿಸಿ 35 ಮೀಟರ್ ಇರಲಿ. ಹಗ್ಗದ ತುದಿಗೆ ಕಡ್ಡಾಯವಾಗಿ ಒಂದು ದಪ್ಪ ಗಂಟು ಹಾಕಿ. ಇಳಿಯುವಾಗ ಹಗ್ಗ ಸಾಲದೆ ಬಂದರೆ ಆ ಗಂಟೇ ನಿಮ್ಮನ್ನು ತಡೆಯುವುದು.

ಹಾರ್ನೆಸ್: ಬರೀ ಸೊಂಟದ ಬೆಲ್ಟ್ ಸಾಲದು

ಸೊಂಟಕ್ಕೆ ಮಾತ್ರ ಬೆಲ್ಟ್ ಕಟ್ಟಿ ಬಿದ್ದರೆ ಪೂರ್ತಿ ಜಗ್ಗು ಹೊಟ್ಟೆ, ಬೆನ್ನುಮೂಳೆಗೆ ಬೀಳುತ್ತದೆ. ತೊಡೆಗೂ ಪಟ್ಟಿ ಇರುವ ಹಾರ್ನೆಸ್ ಬೇಕೇ ಬೇಕು. ಕಟ್ಟಡ ಕೆಲಸದವರ ಹಾರ್ನೆಸ್‌ನಲ್ಲಿ ಸಾಮಾನ್ಯವಾಗಿ ಬೆನ್ನಿಗೆ ಒಂದು ರಿಂಗ್ ಇರುತ್ತದೆ. ಅದು ಬಿದ್ದವರನ್ನು ಹಿಡಿಯಲು ಸರಿ, ಆದರೆ ಅದಕ್ಕೆ ನೇತಾಡಿ ಕೆಲಸ ಮಾಡಲು ಆಗದು. ಮರಗಸಿಗೆ ಹೊಟ್ಟೆಯ ಮುಂದೆ ಒಂದು ಜೋಡಣೆ, ಸೊಂಟದ ಎರಡೂ ಬದಿಗೆ ಒಂದೊಂದು ಡಿ-ರಿಂಗ್ ಇರುವುದನ್ನು ನೋಡಿ. ಫುಲ್ ಬಾಡಿ ಹಾರ್ನೆಸ್ ಆದರೆ ಐಎಸ್ 3521, ಕೂತು ಕೆಲಸ ಮಾಡುವ ಹಾರ್ನೆಸ್ ಆದರೆ ಇಎನ್ 813 ಮತ್ತು ಇಎನ್ 358 ಗುರುತು ಇರಬೇಕು.

ಕೀ ಚೈನ್‌ಗೆ ಹಾಕುವಂಥ ಕೊಂಡಿಯನ್ನು ಯಾವ ಕಾರಣಕ್ಕೂ ಬಳಸಬೇಡಿ. ತಾನಾಗಿ ಲಾಕ್ ಆಗುವ ಕ್ಯಾರಬೀನರ್ ಬೇಕು. ಅದು ಉದ್ದಕ್ಕೆ ಭಾರ ಹೊರುವಂತೆ ಕೂರಬೇಕು. ಅಡ್ಡ ತಿರುಗಿದರೆ ಅಥವಾ ಬಾಯಿ ತೆರೆದಿದ್ದರೆ ಅದರ ಬಲ ತೀರಾ ಕಡಿಮೆ. ಹೆಲ್ಮೆಟ್‌ಗೆ ಗದ್ದದ ಪಟ್ಟಿ ಇರಲಿ. ಪಟ್ಟಿ ಇಲ್ಲದ ಹೆಲ್ಮೆಟ್ ನಿಮಗಿಂತ ಮೊದಲು ನೆಲ ಸೇರುತ್ತದೆ.

ಮೊದಲ ಕಟ್ಟು: ಮೇಲಿನ ಕವಲಿಗೆ

ಮೆಣಸಿನ ಬಳ್ಳಿ ಹಬ್ಬಿದ ಮರದಲ್ಲಿ ಕಾಂಡ ಸುತ್ತಿ ಬೆಲ್ಟ್ ಹಾಕಿದರೆ ಬಳ್ಳಿ ಹಾಳಾಗುತ್ತದೆ ಅಂತ ಕಟ್ಟಿಕೊಳ್ಳದೇ ಹತ್ತುವವರಿದ್ದಾರೆ. ಇದಕ್ಕೆ ದಾರಿ ಇದೆ. 250ರಿಂದ 400 ಗ್ರಾಂ ತೂಕದ ಸಣ್ಣ ಚೀಲಕ್ಕೆ ತೆಳು ದಾರ ಕಟ್ಟಿ, ಬಳ್ಳಿಗಿಂತ ಮೇಲಿನ ಗಟ್ಟಿ ಕವಲಿನ ಮೇಲಿಂದ ಎಸೆಯಿರಿ. ಆ ದಾರದಿಂದ ದೊಡ್ಡ ಹಗ್ಗ ಎಳೆದುಕೊಳ್ಳಿ. ಏಣಿ ಬಳಸಿದರೂ ಈ ಹಗ್ಗ ನಿಮ್ಮ ಹಾರ್ನೆಸ್‌ಗೆ ಸಿಕ್ಕಿರಲಿ.

ಕವಲು ಹಸಿಯಾಗಿರಬೇಕು, ಕಾಂಡಕ್ಕೆ ಹತ್ತಿರ ಇರಬೇಕು, ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು. ಸಿಲ್ವರ್ ಓಕ್ ಕೊಂಬೆ ಪಟಕ್ಕನೆ ಮುರಿಯುವ ಜಾತಿ, ಹಾಲುವಾಣದ ಕಟ್ಟಿಗೆ ಮೆದು. ಇವುಗಳಲ್ಲಿ ಇನ್ನೂ ದಪ್ಪ ಕವಲು ಹುಡುಕಿ. ಹತ್ತುವ ಮೊದಲು ನೆಲದಲ್ಲೇ ನಿಂತು ಇಬ್ಬರು ಸೇರಿ ಹಗ್ಗ ಜಗ್ಗಿ ನೋಡಿ.

ಹಗ್ಗದ ಒಂದು ತುದಿ ಹಾರ್ನೆಸ್‌ಗೆ. ಇನ್ನೊಂದು ಎಳೆಯ ಮೇಲೆ ಪ್ರುಸಿಕ್‌ನಂಥ ಬಿಗಿಯುವ ಗಂಟು. ಭಾರ ಬಿದ್ದರೆ ಬಿಗಿದು, ಭಾರ ತೆಗೆದರೆ ಸರಿಯುವ ಗಂಟು ಇದು. ದೊಡ್ಡ ಹಗ್ಗಕ್ಕಿಂತ ತೆಳುವಾದ, ಬಿಸಿ ತಡೆಯುವ ಹಗ್ಗದಲ್ಲಿ ಇದನ್ನು ಹಾಕುತ್ತಾರೆ. ಸರ್ರನೆ ಇಳಿದರೆ ತಿಕ್ಕಾಟಕ್ಕೆ ಗಂಟು ಸುಡುತ್ತದೆ, ನಿಧಾನಕ್ಕೆ ಇಳಿಯಿರಿ. ಪ್ರತಿದಿನ ಮೊದಲು ನೆಲದಿಂದ ಒಂದಡಿ ಮೇಲೆ ಪೂರ್ತಿ ಭಾರ ಹಾಕಿ ಪರೀಕ್ಷಿಸಿ, ಆಮೇಲೆ ಮೇಲಕ್ಕೆ.

ಹಗ್ಗ ಸಡಿಲ ಬಿಡಬೇಡಿ. ಈ ಹಗ್ಗ ಹಿಗ್ಗುವುದು ಕಡಿಮೆ. ಆದ್ದರಿಂದ ಒಂದೆರಡು ಮೀಟರ್ ಸಡಿಲದಲ್ಲಿ ಬಿದ್ದರೂ ಜಗ್ಗು ಭಾರೀ. ಕಟ್ಟು ಯಾವಾಗಲೂ ತಲೆಯ ಮೇಲೆ, ಹಗ್ಗ ಯಾವಾಗಲೂ ಬಿಗಿ.

ಎರಡನೇ ಕಟ್ಟು: ಕೊಯ್ಯುವ ಜಾಗದಲ್ಲಿ

ಎರಡು ಕಟ್ಟು ಯಾಕೆ? ಕತ್ತಿಯ ಒಂದೇ ಏಟಿಗೆ ಬಿಗಿದ ಹಗ್ಗ ಎರಡು ತುಂಡು. ಚೈನ್ ಸಾ ಆದರೆ ಮುಟ್ಟಿದರೂ ಸಾಕು. ಅದಕ್ಕೇ ಕೊಯ್ಯುವ ಮೊದಲು ಸೊಂಟದ ಎರಡು ಡಿ-ರಿಂಗ್‌ಗೆ ಸೇರುವ ಲ್ಯಾನ್ಯಾರ್ಡ್ ಅನ್ನು ಕಾಂಡ ಅಥವಾ ಬೇರೆ ಗಟ್ಟಿ ಕೊಂಬೆಗೆ ಸುತ್ತಿಕೊಳ್ಳಿ. ಕಡಿಯುತ್ತಿರುವ ಕೊಂಬೆಗಲ್ಲ. ಒಳಗೆ ಉಕ್ಕಿನ ತಂತಿ ಇರುವ ಲ್ಯಾನ್ಯಾರ್ಡ್ ಸುಲಭಕ್ಕೆ ತುಂಡಾಗದು, ಆದರೆ ಗರಗಸದ ಮುಂದೆ ಅದೂ ಅಭೇದ್ಯವಲ್ಲ. ಅದು ವಿದ್ಯುತ್ ಹರಿಸುತ್ತದೆ ಅನ್ನುವುದೂ ನೆನಪಿರಲಿ.

ಸಾಧ್ಯವಾದಷ್ಟೂ ಕತ್ತಿ ಬೀಸುವುದಕ್ಕಿಂತ ಕೈಗರಗಸ ಒಳ್ಳೆಯದು. ದೊಡ್ಡ ಕೊಂಬೆ ಇಳಿಸಲು ಬೇರೆಯೇ ಹಗ್ಗ ಇರಲಿ. ಆ ಹಗ್ಗವನ್ನು ಮತ್ತೆ ಮನುಷ್ಯನಿಗೆ ಕಟ್ಟಬೇಡಿ.

ಲೈನ್ ಹತ್ತಿರ ಇದ್ದರೆ

ಹಗ್ಗ ಬೀಳುವುದನ್ನು ತಡೆಯುತ್ತದೆ, ಕರೆಂಟನ್ನಲ್ಲ. ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಒದ್ದೆ ಹಗ್ಗ, ಹಸಿ ಬಿದಿರು, ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಮನುಷ್ಯ, ಏಣಿ, ಬೀಳುವ ಕೊಂಬೆ, ಇವುಗಳಲ್ಲಿ ಯಾವುದೇ ಒಂದು ಲೈನ್‌ನಿಂದ 3 ಮೀಟರ್ ಒಳಗೆ ಬರುವ ಹಾಗಿದ್ದರೆ ಕೆಲಸ ನಿಲ್ಲಿಸಿ. ವಿದ್ಯುತ್ ಕಚೇರಿಗೆ ಅಥವಾ 1912ಕ್ಕೆ ಹೇಳಿ ಲೈನ್ ಆಫ್ ಮಾಡಿಸಿ. ಆಫ್ ಆಗಿದೆ ಅಂತ ಲೈನ್‌ಮನ್ ಖಚಿತಪಡಿಸುವವರೆಗೂ ಮರದ ಹತ್ತಿರ ಹೋಗಬೇಡಿ. 'ಈಗ ಹೇಗೂ ಕರೆಂಟ್ ಇಲ್ಲ' ಅನ್ನುವ ಧೈರ್ಯ ಬೇಡ. ಹೋದ ಕರೆಂಟ್ ಯಾವಾಗ ಬೇಕಾದರೂ ಬರುತ್ತದೆ.

ಕೆಳಗೆ ಒಬ್ಬ

ಬಿದ್ದವನನ್ನು ಹಾರ್ನೆಸ್ ಹಿಡಿಯಿತು ಅನ್ನಿ. ಅವನಿಗೆ ಪ್ರಜ್ಞೆ ಇಲ್ಲ, 12 ಮೀಟರ್ ಮೇಲೆ ನೇತಾಡುತ್ತಿದ್ದಾನೆ. ಈಗೇನು? ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ನಿಮಿಷಗಳಲ್ಲೇ ಜೀವಕ್ಕೆ ಅಪಾಯ ಬರಬಹುದು. ಅಗ್ನಿಶಾಮಕ ವಾಹನ ಘಾಟಿ ಹತ್ತಿ ಎಸ್ಟೇಟ್ ರಸ್ತೆಗೆ ಬರುವವರೆಗೆ ಕಾಯಲು ಆಗುವುದಿಲ್ಲ.

ಅದಕ್ಕೇ ಕೆಳಗಿರುವವನು ಕೊಂಬೆ ಎಳೆಯುವ ಆಳು ಮಾತ್ರ ಆಗಿದ್ದರೆ ಸಾಲದು. ಅವನಿಗೂ ಹತ್ತಲು ಬರಬೇಕು, ಅವನಿಗೆ ಬೇರೆ ಹಾರ್ನೆಸ್, ಬೇರೆ ಹಗ್ಗ ಇರಬೇಕು. ಹಗ್ಗದ ಬುಡವನ್ನು ಕೆಳಗಿನಿಂದಲೇ ಸಡಿಲಿಸಿ ಇಳಿಸುವ ಸಾಧನಗಳೂ ಇವೆ. ಬಳಸುವ ಕ್ರಮವನ್ನು ತರಬೇತಿ ಪಡೆದವರಿಂದಲೇ ಕಲಿಯಿರಿ. ಸೀಸನ್ ಶುರುವಾಗುವ ಮೊದಲು ಎರಡು ಮೀಟರ್ ಎತ್ತರದಲ್ಲಿ ಒಮ್ಮೆ ಇಳಿಸುವ ಅಭ್ಯಾಸ ಮಾಡಿ. ವಿಡಿಯೊ ನೋಡಿದರೆ ಕೈಗೆ ಕೆಲಸ ಬರುವುದಿಲ್ಲ. ಕರೆಂಟ್ ತಗುಲಿದ್ದರೆ ಮಾತ್ರ ಲೈನ್ ಆಫ್ ಆಗುವವರೆಗೆ ಯಾರೂ ಮುಟ್ಟಬಾರದು. ಕೆಳಗಿರುವವನ ಫೋನ್‌ಗೆ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಬೆಳಗ್ಗೆಯೇ ನೋಡಿಡಿ. ಆಂಬ್ಯುಲೆನ್ಸ್‌ಗೆ 108.

ಖರ್ಚು ಯಾರದ್ದು?

ದಿನಗೂಲಿಗೆ ಬರುವವನು ಹಾರ್ನೆಸ್ ತರಲಿ ಅಂದರೆ ಅವನು ತರುವುದಿಲ್ಲ, ಹಾಗೇ ಹತ್ತುತ್ತಾನೆ. ಆದ್ದರಿಂದ ತೋಟದವರೇ ಕೊಳ್ಳಬೇಕು. ಒಬ್ಬರಿಗೆ ಭಾರವಾದರೆ ನಾಲ್ಕು ತೋಟದವರು ಸೇರಿ ಎರಡು ಸೆಟ್ ಇಟ್ಟುಕೊಳ್ಳಬಹುದು. ಕೀಟನಾಶಕ, ಪೆಟ್ರೋಲ್, ಬ್ಯಾಟರಿ ಆಸಿಡ್ ಇರುವ ಕೋಣೆಯಲ್ಲಿ ಅವನ್ನು ಇಡಬೇಡಿ. ನೆರಳಲ್ಲಿ ಒಣಗಿಸಿ, ಚೀಲದಲ್ಲಿ ತೂಗುಹಾಕಿ. ಕೊಯ್ದ ಗುರುತು, ಕರಗಿದ ಗಟ್ಟಿ ಜಾಗ, ಬೆರಳಿಗೆ ಸಿಗುವ ಮೆದು ಜಾಗ ಕಂಡರೆ, ಅಥವಾ ಒಮ್ಮೆ ಜೋರಾಗಿ ಬಿದ್ದವರನ್ನು ಹಿಡಿದಿದ್ದರೆ, ಆ ಹಗ್ಗ, ಹಾರ್ನೆಸ್ ಮತ್ತೆ ಮರಕ್ಕೆ ಬೇಡ. ತುಂಡು ಮಾಡಿ ಬಿಸಾಕಿ, ಇಲ್ಲದಿದ್ದರೆ ಯಾರೋ ತೆಗೆದುಕೊಂಡು ಮತ್ತೆ ಹತ್ತುತ್ತಾರೆ.

ಹತ್ತುವವರ ಹೆಸರಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಾ ಕೇಳಿ. ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವವರಿಗೆ ಸಿಗುತ್ತದೆ. ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 2 ಲಕ್ಷ.

ಬೆಳಗ್ಗೆ ಕೇಳಬೇಕಾದ ಐದು ಪ್ರಶ್ನೆ (ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ)

1. ಹಗ್ಗ, ಹಾರ್ನೆಸ್, ಕ್ಯಾರಬೀನರ್ ಇವತ್ತು ಕೈಯಿಂದ ಮುಟ್ಟಿ ನೋಡಿದ್ದೀರಾ?
2. ಕವಲನ್ನು ಜಗ್ಗಿ ನೋಡಿದ್ದೀರಾ, ಹಗ್ಗದ ತುದಿಗೆ ಗಂಟು ಇದೆಯಾ?
3. ಕೊಯ್ಯುವಾಗ ಹಾಕಲು ಎರಡನೇ ಕಟ್ಟು ಸೊಂಟದಲ್ಲಿದೆಯಾ?
4. ಲೈನ್ 3 ಮೀಟರ್‌ಗಿಂತ ದೂರ ಇದೆಯಾ, ಇಲ್ಲವೇ ಆಫ್ ಆಗಿದೆಯಾ?
5. ಇಳಿಸಲು ಬರುವ ಒಬ್ಬ, ಬೇರೆ ಸೆಟ್ ಸಮೇತ, ಕೆಳಗಿದ್ದಾನಾ?

ಒಂದಕ್ಕೆ 'ಇಲ್ಲ' ಅಂತ ಉತ್ತರ ಬಂದರೂ ಅವತ್ತು ಮರ ಹತ್ತುವುದು ಬೇಡ. ಗಾಳಿ, ಮಳೆ ಇದ್ದರೂ ಬೇಡ. ಮರಗಸಿ ಎರಡು ದಿನ ತಡವಾದರೆ ಕಾಫಿ ತಡೆದುಕೊಳ್ಳುತ್ತದೆ.