‘ಅರ್ಥವಾಯಿತೇ?’ ಎಂದು ಕೇಳುವ ಬದಲು: ಸ್ಕೂಬಾ ಮಾರ್ಗದರ್ಶಕರ ತರಬೇತಿಯಿಂದ ಬೋಧನಾಭ್ಯಾಸಕ್ಕೆ ಒಂದು ಪಾಠ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳಾದ ನಾವು ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ‘ಅರ್ಥವಾಯಿತೇ ಮಕ್ಕಳೇ?’ ಎಂಬುದು. ಅದಕ್ಕೆ ಇಡೀ ತರಗತಿಯಿಂದ ಒಂದೇ ರಾಗದಲ್ಲಿ ‘ಹೌದು ಸರ್’ ಎಂಬ ಉತ್ತರ ಬರುತ್ತದೆ. ನಾವು ಮುಂದಿನ ಬೋಧನಾಂಶಕ್ಕೆ ಹೋಗುತ್ತೇವೆ. ಪ್ರಶ್ನಿಸುವ ಕೌಶಲವನ್ನು ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡಿದವರೂ ಪೂರ್ಣ ಪಾಠಕ್ಕೆ ಬಂದಾಗ ಈ ಪ್ರಶ್ನೆಗೆ ಮರಳುವುದನ್ನು ನಾವೆಲ್ಲ ಕಂಡಿದ್ದೇವೆ.

ಬಿ.ಇಡ್. ಸೇರುವ ಮೊದಲು ನಾನು ಸ್ಕೂಬಾ ಡೈವಿಂಗ್ ಮಾರ್ಗದರ್ಶಕನಾಗಿ ತರಬೇತಿ ಪಡೆದು, ಮುರುಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಎರಡು ಹಂಗಾಮು ಕೆಲಸ ಮಾಡಿದೆ. ನೀರಿನ ಕೆಳಗೆ ಮಾತಿಲ್ಲ. ಹಾಗಾಗಿ ಎದುರಿನವರಿಗೆ ವಿಷಯ ತಲುಪಿದೆಯೇ ಎಂದು ತಿಳಿಯಲು ಆ ವೃತ್ತಿ ಬೇರೆ ದಾರಿಗಳನ್ನು ಕಂಡುಕೊಂಡಿದೆ. ಅವುಗಳಲ್ಲಿ ಮೂರನ್ನು ಇಂಟರ್ನ್‌ಶಿಪ್ ಅವಧಿಯಲ್ಲಿ ತರಗತಿಗೆ ತಂದ ಬಗೆಯನ್ನು ಈ ಲೇಖನದಲ್ಲಿ ವಿವರಿಸುತ್ತೇನೆ.

ತರಬೇತಿಯ ಸ್ವರೂಪ

ವೃತ್ತಿಪರ ಮಾರ್ಗದರ್ಶಕನ ಮೊದಲ ಹಂತವನ್ನು ಡೈವ್‌ಮಾಸ್ಟರ್ ಎನ್ನುತ್ತಾರೆ. ನಾನು ಕಲಿತದ್ದು ಪ್ಯಾಡಿ ಎಂಬ ಸಂಸ್ಥೆಯ ಪಠ್ಯಕ್ರಮದಲ್ಲಿ. 1966ರಲ್ಲಿ ಅಮೆರಿಕದಲ್ಲಿ ಇದನ್ನು ಆರಂಭಿಸಿದವರು ಡೈವಿಂಗ್ ಸಲಕರಣೆಗಳ ಮಾರಾಟದಲ್ಲಿದ್ದ ಜಾನ್ ಕ್ರೋನಿನ್ ಮತ್ತು ಈಜು ಶಿಕ್ಷಕರಾಗಿದ್ದ ರಾಲ್ಫ್ ಎರಿಕ್ಸನ್. ಕೌಶಲಗಳನ್ನು ಬಿಡಿಬಿಡಿಯಾಗಿ ಒಡೆದು, ಒಂದನ್ನು ಕರಗತ ಮಾಡಿಕೊಂಡ ಮೇಲೆ ಇನ್ನೊಂದಕ್ಕೆ ಹೋಗುವ ಕ್ರಮ ಇಲ್ಲಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಹೋದ್ಯೋಗಿಗಳು ಸೂಕ್ಷ್ಮ ಬೋಧನೆಯನ್ನು ರೂಪಿಸಿದ್ದು ಕೂಡ ಅದೇ ದಶಕದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಡೈವ್‌ಮಾಸ್ಟರ್ ಆಗಲು ಕನಿಷ್ಠ 18 ವರ್ಷ ವಯಸ್ಸಾಗಿರಬೇಕು. ರಕ್ಷಣಾ ಡೈವರ್ ಹಂತ ಮುಗಿದಿರಬೇಕು. ಕೋರ್ಸ್ ಆರಂಭಿಸಲು 40 ಡೈವ್‌ಗಳು, ಪ್ರಮಾಣಪತ್ರ ಪಡೆಯಲು 60 ಡೈವ್‌ಗಳು ದಾಖಲೆ ಪುಸ್ತಕದಲ್ಲಿ ನಮೂದಾಗಿರಬೇಕು. 400 ಮೀಟರ್ ಈಜು, ಕೈ ಬಳಸದೆ ಕಾಲಿನ ಫಿನ್‌ಗಳಿಂದಲೇ 800 ಮೀಟರ್ ಈಜು, 15 ನಿಮಿಷ ನೀರಿನ ಮೇಲೆ ನಿಲ್ಲುವುದು, ದಣಿದ ಡೈವರ್ ಒಬ್ಬರನ್ನು 100 ಮೀಟರ್ ಎಳೆದೊಯ್ಯುವುದು, ಇವೆಲ್ಲ ದೇಹದಾರ್ಢ್ಯದ ಪರೀಕ್ಷೆಗಳು. ಇವುಗಳ ಜೊತೆಗೆ ಡೈವ್ ಮಾಡುವ ಸ್ಥಳದ ನಕ್ಷೆ ಬರೆಯಬೇಕು, ಡೈವ್‌ಗೆ ಮುಂಚೆ ಗುಂಪಿಗೆ ವಿವರಣೆ ನೀಡಬೇಕು, ಕಳೆದುಹೋದ ವಸ್ತುವನ್ನು ನೀರಿನಡಿ ಹುಡುಕಿ ಮೇಲೆ ತರಬೇಕು.

ಡೈವ್‌ಮಾಸ್ಟರ್ ಸ್ವತಂತ್ರ ಬೋಧಕನಲ್ಲ. ಈಗಾಗಲೇ ಪ್ರಮಾಣಪತ್ರ ಪಡೆದವರಿಗೆ ಅವನು ದಾರಿ ತೋರಿಸುತ್ತಾನೆ. ಹೊಸಬರ ತರಗತಿಯಲ್ಲಿ ಬೋಧಕರಿಗೆ ನೆರವಾಗುತ್ತಾನೆ. ಅವನ ಸ್ಥಾನ ಹೆಚ್ಚುಕಡಿಮೆ ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಯ ಸ್ಥಾನದಂತೆಯೇ.

ಮೊದಲ ಅಂಶ: ಮಾಡುವುದು ಬೇರೆ, ಕಾಣುವಂತೆ ಮಾಡುವುದು ಬೇರೆ

ತರಬೇತಿಯಲ್ಲಿ 24 ಕೌಶಲಗಳನ್ನು ಮಾಡಿ ತೋರಿಸಬೇಕು. ಮಾಸ್ಕ್‌ನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಉಸಿರು ಬಿಟ್ಟು ಹೊರಹಾಕುವುದು ಅವುಗಳಲ್ಲೊಂದು. ಪ್ರತಿ ಕೌಶಲಕ್ಕೂ 1ರಿಂದ 5ರವರೆಗೆ ಅಂಕವಿದೆ. ಕೌಶಲವನ್ನು ತಪ್ಪಿಲ್ಲದೆ ಮಾಡಿಯೂ ಹಂತಗಳು ಕಾಣದಷ್ಟು ಬೇಗ ಮುಗಿಸಿದರೆ 3. ಸರಿಯಾಗಿ, ಸಾಕಷ್ಟು ನಿಧಾನವಾಗಿ ಮಾಡಿದರೆ 4. ಪ್ರತಿ ಚಲನೆಯನ್ನೂ ನಿಧಾನಗೊಳಿಸಿ, ತುಸು ಹಿಗ್ಗಿಸಿ, ಹೊಸಬನೊಬ್ಬ ನೋಡಿಯೇ ಅನುಸರಿಸುವಂತೆ ಮಾಡಿದರೆ 5. ಯಾವ ಕೌಶಲದಲ್ಲೂ 3ಕ್ಕಿಂತ ಕಡಿಮೆ ಬರುವಂತಿಲ್ಲ. ಆದರೆ 3 ಎಂದರೆ ‘ಈತ ಒಳ್ಳೆಯ ಡೈವರ್’ ಎಂದಷ್ಟೇ ಅರ್ಥ. ‘ಒಳ್ಳೆಯ ಮಾರ್ಗದರ್ಶಕ’ ಎಂದಲ್ಲ.

ಈಜುಕೊಳದ ಮೊದಲ ದಿನ ನನ್ನ ಬೋಧಕರು ಹೇಳಿದ ಮಾತು ಈಗಲೂ ನೆನಪಿದೆ: “ತಮಾ, ನೀ ಮಾಡಿದ್ದು ಸರಿ ಇದ್ದು. ಆದ್ರೆ ನಂಗೆ ಕಾಣಿಸಿದ್ದು ಎಂತದು ಅಂತ ಕೇಳು.” ಒಂದೇ ಮಾತಿನಲ್ಲಿ ಮೌಲ್ಯಮಾಪನದ ಕೇಂದ್ರ ನನ್ನಿಂದ ನೋಡುವವನ ಕಡೆಗೆ ಸರಿಯಿತು.

ನಮ್ಮ ವೀಕ್ಷಣಾ ಪಟ್ಟಿಯನ್ನು ಈ ಕಣ್ಣಿನಿಂದ ನೋಡೋಣ. ‘ಕಪ್ಪುಹಲಗೆಯ ಬಳಕೆ’, ‘ಬೋಧನೋಪಕರಣದ ಬಳಕೆ’, ‘ವಿವರಣೆಯ ಸ್ಪಷ್ಟತೆ’ ಎಂಬ ಅಂಶಗಳಿಗೆ ಅಂಕ ಕೊಡುವಾಗ ನಾವು ಶಿಕ್ಷಕನ ಕೈಯನ್ನು ನೋಡುತ್ತೇವೆ. ಅದೇ ಕ್ಷಣ ಕೊನೆಯ ಬೆಂಚಿನ ಮಗುವಿಗೆ ಏನು ಕಂಡಿತು ಎಂಬುದಕ್ಕೆ ಪಟ್ಟಿಯಲ್ಲಿ ಸಾಲಿಲ್ಲ. ಪ್ರಯೋಗವೊಂದನ್ನು ಸರಿಯಾಗಿ ಮಾಡಿದ ಪ್ರಶಿಕ್ಷಣಾರ್ಥಿಗೆ ಡೈವಿಂಗ್ ಅಳತೆಗೋಲಿನಲ್ಲಿ 3 ಅಂಕವಷ್ಟೇ ಸಿಗಬಹುದು.

ಎರಡನೇ ಅಂಶ: ‘ಸರಿಯೇ?’ ಎಂಬುದಕ್ಕಿಂತ ‘ಗಾಳಿ ಎಷ್ಟು?’

ಡೈವಿಂಗ್‌ನಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ವೃತ್ತ ಮಾಡಿದರೆ ‘ಸರಿಯೇ?’ ಎಂಬ ಪ್ರಶ್ನೆ; ಅದೇ ಸನ್ನೆ ‘ಸರಿ’ ಎಂಬ ಉತ್ತರವೂ ಹೌದು. ಪ್ರಶ್ನೆಯನ್ನೇ ಪ್ರತಿಧ್ವನಿಸಿದರೆ ಉತ್ತರವಾಗಿಬಿಡುತ್ತದೆ. ಆದ್ದರಿಂದ ಮಾರ್ಗದರ್ಶಕ ಇಷ್ಟಕ್ಕೇ ನಿಲ್ಲದೆ, ಎರಡು ಬೆರಳನ್ನು ಇನ್ನೊಂದು ಅಂಗೈ ಮೇಲಿಟ್ಟು ‘ಗಾಳಿ ಎಷ್ಟಿದೆ?’ ಎಂದು ಕೇಳುತ್ತಾನೆ. ಇದಕ್ಕೆ ಉತ್ತರಿಸಲು ಡೈವರ್ ತನ್ನ ಗೇಜ್ ನೋಡಲೇಬೇಕು, ನೋಡಿದ ಸಂಖ್ಯೆಯನ್ನು ಬೆರಳಿನಲ್ಲಿ ತೋರಿಸಲೇಬೇಕು.

ಈ ಸಂಖ್ಯೆ ಏಕೆ ಮುಖ್ಯ? ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುತ್ತದೆ. 10 ಮೀಟರ್‌ನಲ್ಲಿ ಮೇಲ್ಮೈಗಿಂತ ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು. ಅಷ್ಟೇ ಪಟ್ಟು ವೇಗದಲ್ಲಿ ಸಿಲಿಂಡರ್ ಖಾಲಿಯಾಗುತ್ತದೆ. ಹೆದರಿದವನ ಉಸಿರಾಟ ಇನ್ನೂ ಜೋರು. ಸುಮಾರು 200 ಬಾರ್ ಒತ್ತಡದ ಸಿಲಿಂಡರ್‌ನೊಂದಿಗೆ ಇಳಿದ ಗುಂಪು ಸಾಮಾನ್ಯವಾಗಿ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು. ಮೇಲೆ ಬರುವುದೂ ನಿಧಾನವಾಗಿಯೇ: ಉಸಿರು ಹಿಡಿಯಬಾರದು, 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಬೇಕು. ಹಾಗಾಗಿ ಗಾಳಿ ಕಡಿಮೆಯಾಗಿದೆ ಎಂಬ ಸುದ್ದಿ ತಡವಾಗಿ ತಿಳಿದರೆ ಪ್ರಯೋಜನವಿಲ್ಲ.

ನೇತ್ರಾಣಿಯಲ್ಲಿ ಒಮ್ಮೆ ನಾಲ್ಕು ಜನರ ಗುಂಪನ್ನು ಸುಮಾರು 16 ಮೀಟರ್ ಆಳದಲ್ಲಿ ಕರೆದೊಯ್ಯುತ್ತಿದ್ದೆ. ಎಲ್ಲರೂ ಪ್ರಮಾಣಪತ್ರ ಇದ್ದವರೇ. ‘ಸರಿಯೇ?’ ಎಂದಾಗ ನಾಲ್ವರೂ ‘ಸರಿ’ ಎಂದರು. ‘ಗಾಳಿ ಎಷ್ಟು?’ ಎಂದಾಗ ಮೂವರು 120ರ ಆಸುಪಾಸು ತೋರಿಸಿದರು; ನಾಲ್ಕನೆಯವರು ಗೇಜ್ ನೋಡಿ, ಮತ್ತೊಮ್ಮೆ ನೋಡಿ, 70 ಎಂದು ತೋರಿಸಿದರು. ಗುಂಪಿನಲ್ಲಿ ಯಾರ ಗಾಳಿ ಮೊದಲು ನಿಗದಿತ ಮಟ್ಟಕ್ಕೆ ಬರುತ್ತದೆಯೋ ಅವರ ಲೆಕ್ಕದಲ್ಲಿ ಡೈವ್ ಮುಗಿಯಬೇಕೆಂಬುದು ನಾವು ಮೊದಲೇ ಹೇಳಿಕೊಂಡಿದ್ದ ನಿಯಮ. ಎಲ್ಲರನ್ನೂ ಸಾವಕಾಶವಾಗಿ ಮೇಲೆ ತಂದೆ. ದೋಣಿಯಲ್ಲಿ ಅವರು ಹೇಳಿದರು: “ಉಸಿರಾಟ ಜೋರಾಗಿದೆ ಅಂತ ಗೊತ್ತಾಗ್ತಿತ್ತು. ಆದ್ರೆ ಎಲ್ಲರೂ ಸರಿ ಅಂತ ತೋರಿಸ್ತಿದ್ರಲ್ಲ, ನಾನೊಬ್ನೇ ಬೇರೆ ಹೇಳೋದು ಹೇಗೆ?”

ತರಗತಿಯ ‘ಹೌದು ಸರ್’ ಎಂಬ ಒಕ್ಕೊರಲಿನ ಒಳಗೆ ಇದೇ ಮಾತು ಅಡಗಿರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೂರನೇ ಅಂಶ: ಸಹಾಯಕ ನಿಲ್ಲುವ ಜಾಗ

ಬೋಧಕರು ನೀರಿನಡಿ ಹೊಸಬರ ಸಾಲಿನ ಎದುರು ಕೌಶಲವನ್ನು ತೋರಿಸುತ್ತಿರುವಾಗ ಡೈವ್‌ಮಾಸ್ಟರ್ ಅವರ ಪಕ್ಕ ನಿಂತು ಅವರನ್ನೇ ನೋಡುತ್ತಿರುವುದಿಲ್ಲ. ಬೋಧಕರ ಕಣ್ಣು ಒಬ್ಬ ಕಲಿಯುವವನ ಮೇಲಿರುವಾಗ ಉಳಿದವರೆಲ್ಲ ತನಗೆ ಕಾಣುವ ಕಡೆ ನಿಲ್ಲುತ್ತಾನೆ. ಯಾರ ಕಣ್ಣು ಅಗಲವಾಗಿದೆ, ಯಾರ ಗುಳ್ಳೆಗಳು ಒಂದೇ ಸಮನೆ ಏಳುತ್ತಿವೆ, ಯಾರು ಮೆಲ್ಲನೆ ಮೇಲಕ್ಕೆ ತೇಲುತ್ತಿದ್ದಾರೆ ಎಂದು ಗಮನಿಸುವುದೇ ಅವನ ಕೆಲಸ.

ನಮ್ಮಲ್ಲಿ ಸಹಪಾಠಿ ವೀಕ್ಷಕರು ಕೂರುವುದು ಕೊನೆಯ ಬೆಂಚಿನಲ್ಲಿ, ಮಕ್ಕಳ ಬೆನ್ನ ಹಿಂದೆ. ಅಲ್ಲಿಂದ ಕಾಣುವುದು ಬೋಧಿಸುತ್ತಿರುವವರ ಮುಖ ಮತ್ತು ಕಪ್ಪುಹಲಗೆ ಮಾತ್ರ.

ತರಗತಿಯಲ್ಲಿ ಅಳವಡಿಕೆ

ಇಂಟರ್ನ್‌ಶಿಪ್‌ಗಾಗಿ ನಾನು ಹೋದದ್ದು ಕರಾವಳಿಯ ಒಂದು ಪ್ರೌಢಶಾಲೆಗೆ. ಒಂಬತ್ತನೇ ತರಗತಿಯಲ್ಲಿ 43 ಮಕ್ಕಳು, ಪಾಠ ತೇಲುವಿಕೆಯದು. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಎರಡು ಬದಲಾವಣೆ ಮಾಡಿಕೊಂಡೆ.

ಮೊದಲನೆಯದು, ಪಾಠಯೋಜನೆಯಲ್ಲಿ ‘ಅರ್ಥವಾಯಿತೇ?’ ಬರಬಹುದಾದ ಪ್ರತಿ ಜಾಗದಲ್ಲೂ ಒಂದು ‘ಗೇಜ್ ಪ್ರಶ್ನೆ’ಯನ್ನು ಮೊದಲೇ ಬರೆದುಕೊಂಡೆ. ಉದಾಹರಣೆಗೆ: ‘ದಡದಲ್ಲಿ ಒಂದು ಖಾಲಿ ದೋಣಿ ತೇಲುತ್ತಿದೆ. ಅದಕ್ಕೆ ಮೀನಿನ ಬುಟ್ಟಿಗಳನ್ನು ತುಂಬಿದರು. ದೋಣಿ ಸ್ವಲ್ಪ ಕೆಳಗಿಳಿಯಿತು, ಆದರೆ ತೇಲುತ್ತಲೇ ಇದೆ. ಈಗ ನೀರು ದೋಣಿಯನ್ನು ಮೇಲಕ್ಕೆ ತಳ್ಳುವ ಬಲ ಮೊದಲಿಗಿಂತ (1) ಹೆಚ್ಚೇ, (2) ಕಡಿಮೆಯೇ, (3) ಅಷ್ಟೇ ಇದೆಯೇ?’ ಯೋಚಿಸಲು ಕಾಲು ನಿಮಿಷ. ನಂತರ ಎಲ್ಲರೂ ಒಮ್ಮೆಲೇ, ಮಾತಿಲ್ಲದೆ, ಬೆರಳುಗಳನ್ನು ಎದೆಯ ಹತ್ತಿರ ಹಿಡಿದು ತೋರಿಸಬೇಕು. ತೇಲುವ ವಸ್ತುವಿನ ಮೇಲಿನ ಮೇಲ್ಮುಖ ಬಲ ಅದರ ತೂಕಕ್ಕೆ ಸಮ. ತೂಕ ಹೆಚ್ಚಿದಾಗ ದೋಣಿ ಇನ್ನಷ್ಟು ನೀರನ್ನು ಸರಿಸುತ್ತದೆ, ಬಲವೂ ಹೆಚ್ಚುತ್ತದೆ. ಉತ್ತರ 1. ‘ದೋಣಿ ಕೆಳಗಿಳಿದಿದೆ, ಆದ್ದರಿಂದ ಬಲ ಕಡಿಮೆಯಾಗಿದೆ’ ಎಂದು ನಂಬಿ 2 ತೋರಿಸಿದ ಮಕ್ಕಳು ಬಹಳ. ಹಿಂದಿನ ನಿಮಿಷವಷ್ಟೇ ಆರ್ಕಿಮಿಡಿಸನ ತತ್ತ್ವವನ್ನು ಅವರೆಲ್ಲ ತಪ್ಪಿಲ್ಲದೆ ಹೇಳಿದ್ದರು.

ಎರಡನೆಯದು, ನನ್ನ ಸಹಪಾಠಿ ವೀಕ್ಷಕಿಯನ್ನು ತರಗತಿಯ ಮುಂದಿನ ಮೂಲೆಯಲ್ಲಿ ಮಕ್ಕಳ ಕಡೆ ಮುಖಮಾಡಿ ಕೂರಲು ಕೋರಿದೆ. ‘ನನ್ನನ್ನು ಬಿಡಿ, ಮಕ್ಕಳಲ್ಲಿ ಮೂವರನ್ನು ಮಾತ್ರ ನೋಡಿ ಬರೆಯಿರಿ’ ಎಂದೆ. ಎರಡನೇ ದಿನ ಅವರ ಟಿಪ್ಪಣಿಯಲ್ಲಿ ಹೀಗಿತ್ತು: ‘ಮೂರನೇ ಬೆಂಚು, ಗೋಡೆ ಬದಿಯ ಹುಡುಗಿ. ಪ್ರತಿ ಸಲ ಪಕ್ಕದವಳ ಬೆರಳು ನೋಡಿ ಆಮೇಲೆ ತೋರಿಸುತ್ತಾಳೆ. ಹಲಗೆ ನೋಡುವಾಗ ಕಣ್ಣು ಕಿರಿದು ಮಾಡುತ್ತಾಳೆ. ಬರೆದುಕೊಳ್ಳುವುದು ಪಕ್ಕದವಳ ಪುಸ್ತಕದಿಂದ.’

‘ಹೌದು ಸರ್’ ಎಂಬ ಕೂಗಿನಲ್ಲಿ ಆ ಹುಡುಗಿಯ ದನಿ ಯಾವಾಗಲೂ ಮುಂದಿರುತ್ತಿತ್ತು. ವಿಷಯವನ್ನು ತರಗತಿ ಶಿಕ್ಷಕಿಗೆ ತಿಳಿಸಿದೆವು. ಅವರು ಅಂದೇ ಅವಳನ್ನು ಮೊದಲ ಬೆಂಚಿಗೆ ಕೂರಿಸಿ, ತಾಯಿಯನ್ನು ಕರೆಸಿ ಮಾತನಾಡಿದರು. ಕಣ್ಣಿನ ತಪಾಸಣೆಯಾಯಿತು, ಕನ್ನಡಕ ಬಂತು. ನಂತರದ ಒಂದು ಗೇಜ್ ಪ್ರಶ್ನೆಗೆ ಅವಳು ಪಕ್ಕಕ್ಕೆ ತಿರುಗದೆ ಬೆರಳೆತ್ತಿದಳು. ಉತ್ತರ ತಪ್ಪಾಗಿತ್ತು. ಆದರೆ ಅದು ಅವಳದೇ ಉತ್ತರವಾಗಿದ್ದರಿಂದ, ಏಕೆ ಹಾಗನ್ನಿಸಿತು ಎಂದು ಅವಳನ್ನು ಕೇಳಲು, ಅಲ್ಲಿಂದ ಮುಂದೆ ಕಲಿಸಲು ಸಾಧ್ಯವಾಯಿತು.

ಹೋಲಿಕೆಯ ಮಿತಿ

ಸಮುದ್ರವೂ ಶಾಲೆಯೂ ಒಂದೇ ಅಲ್ಲ. ಮೂಲ ಹಂತದ ಡೈವಿಂಗ್ ಕೋರ್ಸಿನಲ್ಲಿ ತೆರೆದ ನೀರಿನಲ್ಲಿ ಒಬ್ಬ ಬೋಧಕರಿಗೆ ಹೆಚ್ಚೆಂದರೆ 8 ಕಲಿಯುವವರು. ನಮಗೆ 40–50 ಮಕ್ಕಳು. ಒಬ್ಬರ ಗಾಳಿ ಕಡಿಮೆಯಾದರೆ ಡೈವ್ ನಿಲ್ಲಿಸಬಹುದು. ಒಂದು ಮಗುವಿಗೆ ತಿಳಿಯಲಿಲ್ಲವೆಂದು ಪ್ರತಿ ಬಾರಿ ಪಾಠ ನಿಲ್ಲಿಸಲಾಗದು. ಜೊತೆಗೆ, ಡೈವ್‌ನಲ್ಲಿ ಕಡಿಮೆ ಸಂಖ್ಯೆ ಎಂದರೆ ಅಪಾಯ. ತರಗತಿಯಲ್ಲಿ ತಪ್ಪು ಉತ್ತರ ಅಪಾಯವಲ್ಲ, ಅದು ಪಾಠಕ್ಕೆ ಬೇಕಾದ ಮಾಹಿತಿ. ತಪ್ಪು ಬೆರಳು ತೋರಿಸಿದ ಮಗು ನಗೆಪಾಟಲಾದರೆ ಮರುದಿನದಿಂದ ಎಲ್ಲರೂ ಪಕ್ಕದವರನ್ನೇ ನೋಡತೊಡಗುತ್ತಾರೆ. ಆದ್ದರಿಂದ ಉತ್ತರಗಳನ್ನು ಹೆಸರು ಹಿಡಿದು ಹೇಳದೆ, ‘2 ಎಂದವರು ಹೀಗೆ ಯೋಚಿಸಿರಬಹುದು’ ಎಂದು ಚರ್ಚೆಗೆ ತರುವುದು ಒಳ್ಳೆಯದು.

ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ

1. ನಿಮ್ಮ ಮುಂದಿನ ಪಾಠಯೋಜನೆಯಲ್ಲಿ ಪ್ರತಿ ಬೋಧನಾಂಶಕ್ಕೂ ಒಂದು ಗೇಜ್ ಪ್ರಶ್ನೆ ಬರೆಯಿರಿ. ಪಕ್ಕದವರ ಉತ್ತರವನ್ನು ಪ್ರತಿಧ್ವನಿಸಿ ತಪ್ಪಿಸಿಕೊಳ್ಳಲು ಅದರಲ್ಲಿ ದಾರಿ ಇದೆಯೇ ಎಂದು ಜೋಡಿಯಲ್ಲಿ ಪರೀಕ್ಷಿಸಿ.

2. 36 ನಿಮಿಷಗಳ ಸೂಕ್ಷ್ಮ ಬೋಧನಾ ಚಕ್ರದಲ್ಲಿ 6 ನಿಮಿಷದ ಹಿಮ್ಮಾಹಿತಿ ಅವಧಿಯ ಮೊದಲರ್ಧವನ್ನು ಕಲಿಯುವವರ ಪಾತ್ರದಲ್ಲಿದ್ದ ಸಹಪಾಠಿಗಳಿಗೆ ಮೀಸಲಿಡಿ. ‘ನಿನ್ನ ಬೋಧನೆ ಹೇಗಿತ್ತು’ ಎಂಬುದನ್ನು ಬಿಟ್ಟು ‘ನನಗೆ ಏನು ಕಂಡಿತು’ ಎಂಬುದನ್ನು ಮಾತ್ರ ಅವರು ಹೇಳಲಿ.

3. ವೀಕ್ಷಕರಾಗಿ ಒಂದು ಅವಧಿ ತರಗತಿಯ ಮುಂದಿನ ಮೂಲೆಯಲ್ಲಿ ಕುಳಿತು ಮೂರು ಮಕ್ಕಳನ್ನು ಮಾತ್ರ ಗಮನಿಸಿ. ಊಹೆ ಬೇಡ, ಕಂಡದ್ದನ್ನಷ್ಟೇ ಬರೆಯಿರಿ.

4. ಉಪನ್ಯಾಸಕರಲ್ಲಿ ಒಂದು ವಿನಂತಿ: ಕಾಲೇಜಿನ ವೀಕ್ಷಣಾ ಪಟ್ಟಿಯಲ್ಲಿ ‘ಮಕ್ಕಳಿಗೆ ಏನು ತಲುಪಿತು, ಅದಕ್ಕೆ ಆಧಾರವೇನು’ ಎಂಬ ಒಂದು ಸಾಲನ್ನು ಸೇರಿಸಿ, ಒಂದು ತಂಡದೊಂದಿಗೆ ಪ್ರಯೋಗಿಸಿ ನೋಡಬೇಕು. ಆ ಸಾಲನ್ನು ತುಂಬಬೇಕಾದ ವೀಕ್ಷಕ ಮಕ್ಕಳ ಮುಖ ನೋಡದೆ ಇರಲಾರ.