ಉತಾರದಲ್ಲಿ ಬರೆದ ಹೆಸರು

ಬೆಳಗಾವಿ ಜಿಲ್ಲೆಯ ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು ಕಾಣುತ್ತದೆ. ಅಲ್ಲಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳತ್ತ ಸರಿದಂತೆ ಜೋಳ, ಹತ್ತಿ ಬೆಳೆಯುವ ಎರೆಯ ಬಯಲು ಹರಡಿಕೊಳ್ಳುತ್ತದೆ. ಈ ನೆಲವನ್ನು ಉತ್ತವರೆಲ್ಲರೂ ಅದರ ಒಡೆಯರಾಗಿರಲಿಲ್ಲ. ದೇಸಾಯರ, ಇನಾಮದಾರರ, ವತನದಾರರ ಹೊಲಗಳನ್ನು ಒಕ್ಕಲುಗಳು ಲಾವಣಿಗೋ ಪಾಲಿಗೋ ಪಡೆದು ಸಾಗುವಳಿ ಮಾಡುತ್ತಿದ್ದರು. ಕರಾರು ಹೆಚ್ಚಾಗಿ ಬಾಯಿಮಾತಿನದು. ಒಡೆಯನು ಬಿಡೆಂದರೆ ಬಿಡಬೇಕು. ಅಜ್ಜ, ಮುತ್ತಜ್ಜ ಉತ್ತ ನೆಲವೆಂಬ ಮಾತಿಗೆ ಬೆಲೆಯಿರಲಿಲ್ಲ.

1948ರವರೆಗೆ ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿತ್ತು. ಉಳಿದ ಮೂರೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ವರ್ಷದ ಮುಂಬಯಿ ಗೇಣಿ ಶಾಸನವು ಒಕ್ಕಲುಗಳಿಗೆ ಕೆಲಮಟ್ಟಿನ ರಕ್ಷಣೆ ನೀಡಿತು. ಏಕೀಕರಣದ ಅನಂತರ, ಇಡೀ ರಾಜ್ಯಕ್ಕೆ ಅನ್ವಯಿಸುವ ಭೂಸುಧಾರಣಾ ಶಾಸನ 1961ರಲ್ಲಿ ರಚಿತವಾಗಿ 1965ರಲ್ಲಿ ಜಾರಿಗೆ ಬಂದಿತು. ಆದರೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಹೊಲವನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಯಿತ್ತು.

ಆ ದಾರಿಯನ್ನು ಮುಚ್ಚಿದುದು ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಬಂದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ರುಜುವಾತುಪಡಿಸಿದರೆ ಅಧಿಭೋಗದ ಹಕ್ಕು, ಎಂದರೆ ಒಡೆತನ, ಅವನದಾಗುತ್ತಿತ್ತು. ಮಂಡಳಿಯಲ್ಲಿ ಅಧಿಕಾರಿಯೊಡನೆ ಸರ್ಕಾರವು ನೇಮಿಸಿದ ಸದಸ್ಯರೂ ಇದ್ದರು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಅವಕಾಶವಿರಲಿಲ್ಲ. ಬಡವನ ಮಾತನ್ನು ಅವನ ಬಾಯಿಂದಲೇ ಕೇಳುವ ಈ ಏರ್ಪಾಡು ಮೆಚ್ಚತಕ್ಕದ್ದು.

ಆದರೆ ಮಾತಿಗಿಂತ ತೂಕವಾದದ್ದು ಉತಾರ, ಅಂದರೆ ಪಹಣಿ ಪತ್ರಿಕೆ. ಅದರ ಸಾಗುವಳಿಯ ಅಂಕಣದಲ್ಲಿ ಹೆಸರಿದ್ದವನ ಕೆಲಸ ಸುಲಭ. ಬಾಯಿಮಾತಿನ ಕರಾರಿನವನಾದರೋ ನೆರೆಹೊಲದವರ ಸಾಕ್ಷ್ಯವನ್ನು ತರಬೇಕಾಗಿತ್ತು. ಆ ನೆರೆಯವನೂ ಅದೇ ಒಡೆಯನ ಹೊಲವನ್ನು ಉಳುವವನಾದರೆ ಬಾಯಿ ಬಿಡುವನೇ? ಅರ್ಜಿಯ ಅವಧಿ 1979ರ ಜೂನ್ 30ಕ್ಕೆ ಮುಗಿಯಿತು.

ಹೊಲ ದೊರೆತವನಿಗೂ ಕಟ್ಟುಪಾಡುಗಳಿದ್ದವು. 15 ವರ್ಷಗಳವರೆಗೆ ಅದನ್ನು ಮಾರುವಂತಿರಲಿಲ್ಲ. ಅಲ್ಲಿ ಬೇಸಾಯವನ್ನು ಬಿಟ್ಟು ನಿವೇಶನ, ಕಾರ್ಖಾನೆಗಳನ್ನು ಮಾಡಬೇಕಾದರೆ 1964ರ ಭೂಕಂದಾಯ ಶಾಸನದಂತೆ ಜಿಲ್ಲಾಧಿಕಾರಿಗಳ ಅನುಮತಿ ಅಗತ್ಯವಾಗಿತ್ತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳಲು ಇದ್ದ ಅಡ್ಡಿಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ರೈತ ಸಂಘಟನೆಗಳು ಅದನ್ನು ತೀವ್ರವಾಗಿ ವಿರೋಧಿಸಿದವು.

ಗೇಣಿಯ ನಿಷೇಧವನ್ನು ಮಾತ್ರ ಆ ತಿದ್ದುಪಡಿ ಮುಟ್ಟಲಿಲ್ಲ. ಸೈನಿಕರೇ ಮೊದಲಾದ ಕೆಲವರ ಭೂಮಿಗಷ್ಟೇ ಅದರಿಂದ ವಿನಾಯಿತಿ. ಆದರೂ ಪಾಲಿನ ಬೇಸಾಯ ನಿಂತಿಲ್ಲ. ಅದು ಮತ್ತೆ ಬಾಯಿಮಾತಿಗೆ ಮರಳಿದೆ. ಹಾಗೆ ಉಳುವವನ ಹೆಸರು ಉತಾರದ ಅಂಕಣಕ್ಕೆ ಬರುವಂತಿಲ್ಲ. ಮಳೆ ಕೈಕೊಟ್ಟು ಪೈರು ಒಣಗಿದಾಗ ಬೀಜ, ಗೊಬ್ಬರದ ನಷ್ಟ ಅವನದು; ಪರಿಹಾರದ ಹಣ ಸೇರುವುದು ಉತಾರದಲ್ಲಿ ಹೆಸರಿದ್ದವನ ಖಾತೆಗೆ.